ಬಸಲಿಂಗಮ್ಮನ ಬಾಯಲ್ಲಿ ತುಂಗಕ್ಕ

ಕೋವಿಡ್ ಹಾವಳಿ ತಣ್ಣಗಾದ ಮರುವರ್ಷ. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ನಾನು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಪ್ರತಿ ಗುರುವಾರ ಮಾನ್ವಿಯ ಆಸ್ಪತ್ರೆಗೆ ಹೋಗಿ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಚಿಕಿತ್ಸೆ ಕೊಡುತ್ತಿದ್ದೆ. ಬಸಲಿಂಗಮ್ಮ ಸಿಕ್ಕಿದ್ದು ಅಲ್ಲಿ.

ಅವರಿಗೆ ಐವತ್ತೆಂಟು ವರ್ಷ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿಯ ಖಾನಾವಳಿ ಹಾಕಿ ಮನೆ ನಿಲ್ಲಿಸಿದ ಹೆಂಗಸು. ಅವರ ದನಿ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತಂತೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗಲೇ ಬಲಗೈ ಸೋತಿತು, ಮಾತು ನಿಂತಿತು. ನಮ್ಮ ವೃತ್ತಿಯಲ್ಲಿ ಇದನ್ನು ಅಫೇಸಿಯಾ ಎನ್ನುತ್ತೇವೆ. ಎದುರಿನವರ ಮಾತು ಬಹುಮಟ್ಟಿಗೆ ತಿಳಿಯುತ್ತದೆ, ಹೇಳಬೇಕಾದದ್ದೂ ಮನಸ್ಸಿನಲ್ಲಿರುತ್ತದೆ. ಶಬ್ದ ಮಾತ್ರ ನಾಲಿಗೆಗೆ ಬರುವುದಿಲ್ಲ.

ಕೀಲಿಕೈ, ಲೋಟ, ಬಾಚಣಿಗೆ ತೋರಿಸಿ ಹೆಸರು ಕೇಳಿದೆ. ‘ಆಂ... ಆಂ...’ ಎಂದಷ್ಟೇ ಬಂತು. ಅಭ್ಯಾಸಬಲದಿಂದ ಬರುವ ಮಾತು ಇಂಥವರಲ್ಲಿ ಕೆಲವೊಮ್ಮೆ ಉಳಿದಿರುತ್ತದೆ. ಹಾಗಾಗಿ ಒಂದು, ಎರಡು, ಮೂರು ಎಣಿಸಿದೆ, ‘ಓಂ ನಮಃ ಶಿವಾಯ’ ಹೇಳಿಕೊಟ್ಟೆ. ಒಂದಕ್ಕೂ ಬಾಯಿ ತಿರುಗಲಿಲ್ಲ. ಐದನೆಯ ಗುರುವಾರ ಅವರು ನನ್ನ ಕಡೆ ನೋಡುವುದನ್ನೇ ಬಿಟ್ಟು ಗೋಡೆಗೆ ಮುಖ ಮಾಡಿದರು. ಊಟವೂ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಮಗ ಖಾನಾವಳಿ ಮುಚ್ಚುವ ಯೋಚನೆಯಲ್ಲಿದ್ದ. ನನಗೂ ದಾರಿ ಕಾಣುತ್ತಿರಲಿಲ್ಲ.

ಮರುವಾರ ಸೊಸೆ ನಾಗರತ್ನ ಆಸ್ಪತ್ರೆಯ ಬಾಗಿಲಲ್ಲೇ ನನ್ನನ್ನು ಹಿಡಿದಳು. ದೇವದುರ್ಗದ ಹೆಣ್ಣುಮಗಳು, ಗಟ್ಟಿಗಿತ್ತಿ.

“ಮೇಡಂರೀ, ನಿನ್ನಿ ನಮ್ಮತ್ತಿ ಮಾತಾಡಿದ್ರು! ಟೀವಿ ನೋಡಾಕತ್ತಿದ್ರು, ತುಂಗಕ್ಕನ ಜೋಡಿ ಮಾತಾಡಿದ್ರು.”

ತುಂಗಕ್ಕ ಎಂದರೆ ಹದಿಮೂರು ವರ್ಷದಿಂದ ನಡೆಯುತ್ತಿದ್ದ ಧಾರಾವಾಹಿಯೊಂದರ ಹಿರಿಸೊಸೆ. ಆಸೆಗೆ ಬಿದ್ದ ಮನೆಯವರಿಗೆ ಹೀಗೆ ಏನೇನೋ ಕೇಳಿಸುವುದುಂಟು. ಆದರೂ ಮಧ್ಯಾಹ್ನ ಎರಡಕ್ಕೆ ಮರುಪ್ರಸಾರದ ಹೊತ್ತಿಗೆ ಅವರ ಮನೆಗೆ ಹೋದೆ. ಪರದೆಯ ಮೇಲೆ ಮೈದುನರು ಪಾಲಿಗಾಗಿ ಜಗಳವಾಡುತ್ತಿದ್ದರು. ಹಸಿರು ಸೀರೆಯ ತುಂಗಕ್ಕ ಮೆಟ್ಟಿಲಿಳಿದು ಬಂದು, “ನಾನಿರೋವರೆಗೂ...” ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು. ಕಂತುಕಂತಿಗೂ ಬರುವ ಮಾತು; ಆ ನಿಲುಗಡೆಯೇ ಅವಳ ಗತ್ತು.

ಅವಳು ಮತ್ತೆ ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಿಂದ ಒಡಕು ದನಿ ಎದ್ದಿತು: “...ಈ ಮನೆ ಎರಡಾಗೋಕೆ ಬಿಡಲ್ಲ.”

ಎಣಿಕೆಗೆ, ಮಂತ್ರಕ್ಕೆ ತೆರೆಯದ ಬಾಯಿ ತುಂಗಕ್ಕನಿಗೆ ತೆರೆದಿತ್ತು.

ಅಂದಿನಿಂದ ತುಂಗಕ್ಕ ನನ್ನ ಸಹೋದ್ಯೋಗಿಯಾದಳು. ನಾಗರತ್ನ ದೃಶ್ಯಗಳನ್ನು ಮೊಬೈಲಿನಲ್ಲಿ ಹಿಡಿದಿಡುತ್ತಿದ್ದಳು. ಅವನ್ನು ಅರ್ಧಕ್ಕೆ ನಿಲ್ಲಿಸಿದರೆ ಬಸಲಿಂಗಮ್ಮ ಪೂರ್ತಿ ಮಾಡಬೇಕು. ಎರಡು ತಿಂಗಳಲ್ಲಿ ಸುಮಾರು ನಲವತ್ತು ವಾಕ್ಯಗಳು ಬಂದವು. ಬಾಯಾರಿದರೆ, “ಸ್ವಲ್ಪ ನೀರು ತಗೊಂಡು ಬಾಮ್ಮಾ” ಎನ್ನುತ್ತಿದ್ದರು. ನಾಗರತ್ನ ನೀರು ಕೊಟ್ಟು, “ನಮ್ಮತ್ತಿ ಬೆಂಗಳೂರಾಕಿ ಆಗ್ಯಾರ್ರೀ” ಎಂದು ನಗುತ್ತಿದ್ದಳು.

ನನಗೆ ಮಾತ್ರ ಆ ನಗೆಯಲ್ಲೇ ಚಿಂತೆ ಹತ್ತಿತು. ಅವರ ಬಾಯಿಂದ ಬಂದ ಪ್ರತಿ ಮಾತೂ ತುಂಗಕ್ಕನದು. ಮಾನ್ವಿಯ ಒಂದು ಶಬ್ದವೂ ಇರಲಿಲ್ಲ. ಧಾರಾವಾಹಿಯಲ್ಲಿ ಇಲ್ಲದ್ದನ್ನು ಕೇಳಿದರೆ ಮತ್ತೆ ‘ಆಂ... ಆಂ...’. ಮೂರನೆಯ ತಿಂಗಳಿಗೂ ಹಾಗೇ. ನಾನು ಮಾತು ಮರಳಿಸುತ್ತಿದ್ದೇನೋ, ಗಿಣಿಪಾಠ ಮಾಡಿಸುತ್ತಿದ್ದೇನೋ ಎಂಬ ಅನುಮಾನವನ್ನು ನನ್ನ ವರದಿಯಲ್ಲೂ ಬರೆದೆ.

ಇಂಥದ್ದರಲ್ಲಿ ಒಂದು ಗುರುವಾರ ಮಧ್ಯಾಹ್ನ ಟೀವಿಯಲ್ಲಿ ಒಂದು ಸಾಲು ಮೂಡಿತು: ಇನ್ನು ಮುಂದೆ ತುಂಗಕ್ಕನ ಪಾತ್ರದಲ್ಲಿ ಬೇರೆ ನಟಿ. ಬಸಲಿಂಗಮ್ಮನಿಗೆ ಓದು ಬರುತ್ತಿರಲಿಲ್ಲ, ನಮಗೆ ಹೇಳಲು ಹೊತ್ತೂ ಇರಲಿಲ್ಲ. ಅದೇ ಹಸಿರು ಸೀರೆ, ಅದೇ ಮೆಟ್ಟಿಲು. ಮುಖ ಬೇರೆ. “ನಾನಿರೋವರೆಗೂ...” ಎಂದು ಆಕೆಯೂ ಅರ್ಧಕ್ಕೆ ನಿಲ್ಲಿಸಿದಳು.

ನಾನೂ ನಾಗರತ್ನಳೂ ಬಸಲಿಂಗಮ್ಮನ ಕಡೆ ತಿರುಗಿದೆವು. ಅವರು ವಾಕ್ಯ ಪೂರ್ತಿ ಮಾಡಲಿಲ್ಲ. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಬಿಪಿ ಏರಿತೇನೋ ಎಂದು ನಾನು ಎದ್ದೇಬಿಟ್ಟೆ. ಅಷ್ಟರಲ್ಲಿ ಅವರು ಎಡಗೈ ಎತ್ತಿ ಟೀವಿಯತ್ತ ಚಾಚಿದರು.

“ಇಕಿ... ಇಕಿ ಆಕಿ ಅಲ್ಲ!”

ನಾಗರತ್ನ ಟೀವಿಯ ದನಿ ತಗ್ಗಿಸಿದಳು.

“ಯಾರ್ ಇಕಿ? ಆಕಿನ್ನ... ಕರೀರಿ!”

ಯಾವ ಕಂತಿನಲ್ಲೂ ಇಲ್ಲದ ಮಾತು. ಅಪ್ಪಟ ಮಾನ್ವಿಯ ಮಾತು. ನಾಗರತ್ನ ಅತ್ತೆಯ ಮೊಣಕಾಲು ಹಿಡಿದು ಅಳತೊಡಗಿದಳು. “ಯತ್ತಿ, ಇನ್ನೊಮ್ಮಿ ಅನ್ರೀ, ಇನ್ನೊಮ್ಮಿ...”

ಬಸಲಿಂಗಮ್ಮ ಸೊಸೆಯನ್ನು ದಿಟ್ಟಿಸಿ ನೋಡಿ, “ಟೀವಿ ಬಂದ್ ಮಾಡು” ಎಂದರು.

ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಹದಿಮೂರು ವರ್ಷ ದಿನಾ ಮನೆಗೆ ಬಂದವಳನ್ನು ಯಾರೋ ಬದಲಿಸಿದ್ದರು. ಅದನ್ನು ತುಂಗಕ್ಕನ ಮಾತಿನಲ್ಲಿ ಹೇಳಲು ಆಗುತ್ತಿರಲಿಲ್ಲ. ಹಾಗಾಗಿ ಬಸಲಿಂಗಮ್ಮ ತನ್ನ ಮಾತನ್ನೇ ಹುಡುಕಿಕೊಳ್ಳಬೇಕಾಯಿತು.

ಆಮೇಲೆ ಎಲ್ಲವೂ ಸಲೀಸಾಗಲಿಲ್ಲ. ಹೆಸರುಗಳು ಅದಲುಬದಲಾಗುತ್ತಿದ್ದವು, ಎಷ್ಟೋ ವಾಕ್ಯಗಳು ನಡುವೆಯೇ ನಿಲ್ಲುತ್ತಿದ್ದವು. ಎಂಟು ತಿಂಗಳ ನಂತರ ಅವರು ಮತ್ತೆ ಖಾನಾವಳಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಬಂದವರಿಗೆ “ಬರ್ರಿ, ಎಷ್ಟ್ ಮಂದಿ?” ಎಂದು ಕೇಳತೊಡಗಿದರು. ಹೊಸ ತುಂಗಕ್ಕನನ್ನು ಅವರು ಕೊನೆಗೂ ಒಪ್ಪಲಿಲ್ಲ.

ಅದಾದ ಕೆಲವು ತಿಂಗಳಿಗೆ ದೇವದುರ್ಗದ ಶಿಬಿರಕ್ಕೆ ಅವರನ್ನೂ ಕರೆದುಕೊಂಡು ಹೋದೆ. ಐದು ತಿಂಗಳಿಂದ ಮಾತಿಲ್ಲದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ತಲೆ ತಗ್ಗಿಸಿ ಕೂತಿದ್ದರು. ಬಸಲಿಂಗಮ್ಮ ಆತನ ಪಕ್ಕ ಕೂತು, ಆತನ ಹೆಂಡತಿಯನ್ನು ಕೇಳಿದರು: “ಮೊದ್ಲ... ಏನ್ ಮಾತಾಡ್ತಿದ್ರು? ದಿನಾ?”

“ಏನೈತ್ರಿ ಯವ್ವಾ, ಊರ ಹೆಸರು ಕೂಗೋದು. ಮೂವತ್ತು ವರ್ಷ ಅದ ಕೆಲಸ.”

ಬಸಲಿಂಗಮ್ಮ ನಿಧಾನವಾಗಿ ಶುರುಮಾಡಿದರು: “ರಾಯಚೂರು... ಕಲ್ಮಲಾ... ಗಬ್ಬೂರು...” ಅಲ್ಲಿಗೆ ನಿಲ್ಲಿಸಿದರು. ಆತನ ತಲೆ ಮೇಲೆದ್ದಿತು. ತುಟಿ ಅಲುಗಿತು, ದನಿ ಬರಲಿಲ್ಲ. ಹೆಂಡತಿ ಅವಸರದಿಂದ ದೇವದುರ್ಗದ ‘ದೇ’ ಹೇಳಿಕೊಡಲು ಹೋದಾಗ ಬಸಲಿಂಗಮ್ಮ ಕೈ ಅಡ್ಡ ಹಿಡಿದರು.

“ತಡೀರಿ. ಬರ್ತದ.”

ಅದುವರೆಗೆ ನಾನು ರೋಗಿಗಳಿಗೆ ಕೀಲಿಕೈ, ಬಾಚಣಿಗೆ ತೋರಿಸಿ ಏನು ಕಳೆದುಹೋಗಿದೆ ಎಂದು ಅಳೆಯುತ್ತಿದ್ದೆ. ಈಗ ಮನೆಯವರನ್ನು ಮೊದಲು ಕೇಳುವುದು, ಇವರು ದಿನಾ ಯಾರ ಮಾತಿಗೆ ಕಿವಿಗೊಡುತ್ತಿದ್ದರು, ಏನನ್ನು ಮನಸಾರೆ ಆಡುತ್ತಿದ್ದರು ಎಂದು. ಕೇಳಿ, ಅರ್ಧ ಹೇಳಿ, ಸುಮ್ಮನೆ ಕಾಯುತ್ತೇನೆ. ಉಳಿದರ್ಧ ಅವರದು.