ನಿಲ್ದಾಣದಲ್ಲಿ ಮಲಗಿದವಳು

ಬೀದಿಯವರೆಲ್ಲ ಅವರನ್ನು ಗಗನಯ್ಯ ಎಂದೇ ಕರೆಯುತ್ತಿದ್ದರು. ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಬಾಹ್ಯಾಕಾಶ ನಿಲ್ದಾಣದ ಧಾರಾವಾಹಿಯನ್ನು ಆಧರಿಸಿ ಕಾದಂಬರಿಗಳನ್ನು ಬರೆದುಕೊಡುವುದು ಅವರ ಕಸುಬು. ಜನ್ಮದಲ್ಲಿ ವಿಮಾನ ಹತ್ತದ ಆ ಮನುಷ್ಯ ಅಡುಗೆಮನೆಯ ಮೂಲೆಯ ಮೇಜಿನ ಮುಂದೆ ಕುಳಿತು ನಕ್ಷತ್ರಗಳ ನಡುವೆ ಓಡಾಡುತ್ತಿದ್ದರು.

"ಏನ್ ಸಾರ್, ಮೇಲಿಂದ ಯಾವಾಗ ಇಳಿದ್ರಿ?" ಎಂದು ಕ್ಷೌರದಂಗಡಿಯವನು ಕೆಣಕಿದರೆ, "ಕೂದಲು ಬೆಳೀತು, ಇಳಿದೆ. ಬೇಗ ಕತ್ತರಿಸಪ್ಪಾ, ವಾಪಸ್ ಹೋಗ್ಬೇಕು" ಎನ್ನುವರು.

ಧಾರಾವಾಹಿ ಇನ್ನೂ ನಡೆಯುತ್ತಿದ್ದುದರಿಂದ ಆ ಕಸುಬಿಗೊಂದು ಕಟ್ಟುನಿಟ್ಟಿತ್ತು. ಕಥೆಯ ನಡುವೆ ನಿಲ್ದಾಣಕ್ಕೆ ಬೆಂಕಿಯೇ ಬೀಳಲಿ, ಕೊನೆಯ ಪುಟದಲ್ಲಿ ಎಲ್ಲವೂ ಮೊದಲಿನಂತೆಯೇ ಇರಬೇಕು. ಕ್ಯಾಪ್ಟನ್ ಮದುವೆಯಾಗುವಂತಿಲ್ಲ, ಡಾಕ್ಟರಿಗೆ ತಲೆ ನರೆಯುವಂತಿಲ್ಲ. ಲೇಖಕರು ಹೊಸಬರನ್ನು ತಂದರೆ, ಪುಸ್ತಕ ಮುಗಿಯುವುದರೊಳಗೆ ಅವರು ಸಾಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ವರ್ಷಗಟ್ಟಲೆ ಹೀಗೆ ತಂದು, ಹೀಗೆ ಕೊಂದು, ಗಗನಯ್ಯನವರ ಕೈ ಸೋತಿತ್ತು.

ಅವರ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹಗಲೆಲ್ಲ ಯಂತ್ರದಿಂದ ಬಿಸಿ ಹೊದಿಕೆಗಳನ್ನು ಎಳೆದೆಳೆದು ಮಡಿಸಿ, ಸಂಜೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿಯುತ್ತಿದ್ದರು. ಗಂಡ ಅಂದು ಬರೆದದ್ದನ್ನು ಓದಿ ಹೇಳಬೇಕು, ಇವರು ಕಣ್ಣು ಮುಚ್ಚಿಕೊಂಡು ಕೇಳಬೇಕು. ಅದು ಆ ಮನೆಯ ವಾಡಿಕೆ.

ಒಂದು ಸಂಜೆ ಅವರು ಕಣ್ಣು ತೆರೆಯದೆಯೇ ಕೇಳಿದರು: "ಅಲ್ಲಾರೀ, ನಿಮ್ಮ ನಿಲ್ದಾಣದಲ್ಲಿ ಯಾರೂ ಮಲಗೋದೇ ಇಲ್ವಾ? ಒಬ್ಬರಾದ್ರೂ ಆಕಳಿಸಿದ್ದು ನಾ ಕಾಣೆ."

ಗಗನಯ್ಯ ಯೋಚಿಸಿದರು. ನಿಜವೇ. ಸೈರನ್ ಕೂಗುತ್ತಿತ್ತು, ಜನ ಓಡುತ್ತಿದ್ದರು. ಆದರೆ ಆ ಧಾರಾವಾಹಿಯಲ್ಲಿ ಒಂದು ದಿಂಬನ್ನೂ ಯಾರೂ ಕಂಡಿರಲಿಲ್ಲ.

ಮರುದಿನ ಅವರ ಹೊಸ ಕಾದಂಬರಿಯೊಳಗೆ ಒಬ್ಬ ಹೆಂಗಸು ಬಂದಳು. ನಿಲ್ದಾಣದ ಗಾಳಿ ಸೋಸುವ ಜಾಲರಿಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸುವವಳು. ಎಲ್ಲರ ಬಾಯಲ್ಲೂ ಅವಳು ಜಾಲರಿ ಅಕ್ಕ. ಶತ್ರುಗಳು ಮುತ್ತಿಗೆ ಹಾಕಿದಾಗಲೂ ಅವಳಿಗೆ ಒಂದೇ ಚಿಂತೆ: ಈ ಗಲಾಟೆ ಮುಗಿದ ಮೇಲಾದರೂ ಒಂದು ಕೋಳಿನಿದ್ದೆ ಸಿಕ್ಕೀತೇ?

ಹೆಂಡತಿಗೆ ಅವಳು ತುಂಬಾ ಹಿಡಿಸಿದಳು. ಮನೆಗೆ ಕಾಲಿಡುತ್ತಲೇ, "ಅಕ್ಕ ಮಲಗಿದ್ಲಾ?" ಎಂದು ಕೇಳುವರು.

"ಇನ್ನೂ ಇಲ್ಲ. ಕ್ಯಾಪ್ಟನ್ ಕರೆದುಬಿಟ್ಟ."

"ಅವನ ಬಾಯಿಗೆ ಮಣ್ಣು ಹಾಕ! ಹೊತ್ತುಗೊತ್ತು ಬೇಡ್ವಾ ಅವನಿಗೆ?"

ಹಸ್ತಪ್ರತಿ ಕೈಸೇರಿದ ಮೇಲೆ ಪ್ರಕಾಶನದ ಸಂಪಾದಕಿ ಫೋನ್ ಮಾಡಿದರು. "ಸಾರ್, ಕೊನೇಲಿ ಜಾಲರಿ ಅಕ್ಕ ನಿಲ್ದಾಣದಲ್ಲೇ ಉಳಿದುಬಿಟ್ಟಿದ್ದಾಳೆ. ಧಾರಾವಾಹಿಯವರು ಒಪ್ಪಲ್ಲ. ತ್ಯಾಗ ಗೀಗ ಅಂತ ಏನಾದ್ರೂ ಬರೆದು ಸಾಯಿಸಿಬಿಡಿ."

"ಸಾಮಾನಿನ ನೌಕೆ ಹತ್ತಿಸಿ ಕಳಿಸ್ಲಾ?"

"ಆ ನೌಕೇನ ಮುತ್ತಿಗೆಯಲ್ಲಿ ನೀವೇ ಸುಟ್ಟುಬಿಟ್ರಲ್ಲ ಸಾರ್!"

ಗಗನಯ್ಯ ಬೇರೆ ದಾರಿ ಕಾಣದೆ ಅವಳ ಸಾವನ್ನು ಬರೆದರು. ಸಂಜೆ ಅಳುಕುತ್ತಲೇ ಓದಿದರು. ಹೆಂಡತಿ ಬೈಯಲಿಲ್ಲ. "ಹೋಗ್ಲಿ ಬಿಡಿ. ಹಾಗಾದ್ರೂ ಅವಳಿಗೆ ವಿರಾಮ ಸಿಕ್ತಲ್ಲ" ಎಂದಷ್ಟೇ ಹೇಳಿದರು.

ಬೈದಿದ್ದರೇ ವಾಸಿಯಿತ್ತು. ಗಗನಯ್ಯ ಹಾಳೆಗಳನ್ನು ಮೇಜಿನ ಮೇಲಿಟ್ಟರು. ತಿರುಗಿ ನೋಡಿದರೆ ಹೆಂಡತಿ ಕುಳಿತಲ್ಲೇ ನಿದ್ದೆಹೋಗಿದ್ದರು. ಬೆರಳುಗಳು ಮಾತ್ರ ಸೆರಗಿನ ಅಂಚನ್ನು ಮಡಿಸುತ್ತಲೇ ಇದ್ದವು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. "ಅಕ್ಕ ಇದ್ದಾರಾ?"

"ಇದ್ದಾಳೆ ತಾಯಿ, ಮಲಗಿದ್ದಾಳೆ. ಎಬ್ಬಿಸೋದು ಬೇಡ" ಎಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿದವರು, ಕೈಯನ್ನು ಚಿಲಕದ ಮೇಲೆಯೇ ಇಟ್ಟುಕೊಂಡು ಒಂದು ಗಳಿಗೆ ನಿಂತುಬಿಟ್ಟರು.

ಬೆಳಿಗ್ಗೆ ತಾವೇ ಸಂಪಾದಕಿಗೆ ಫೋನ್ ಮಾಡಿದರು. "ಅಕ್ಕ ಸಾಯಲ್ಲಮ್ಮ. ಅವಳ ಕೋಣೇಲಿ ಮಲಗಿರ್ತಾಳೆ. ಯಾರೂ ಎಬ್ಬಿಸಕೂಡದು ಅಂತ ಕ್ಯಾಪ್ಟನ್ ಆಜ್ಞೆ. ಧಾರಾವಾಹಿಯವರು ಆ ಒಂದು ಬಾಗಿಲು ತೆಗೀದಿದ್ರಾಯ್ತು."

"ಎಷ್ಟು ದಿನ ಮಲಗ್ತಾಳೆ ಸಾರ್?"

"ನಾಲ್ಕು ದಿನ ಆ ಕೆಲಸ ಮಾಡಿ ನೋಡಿ, ಆಮೇಲೆ ಕೇಳಿ."

ಆ ಕಡೆಯಿಂದ ನಗು ಕೇಳಿತು, ಅದರ ಬೆನ್ನಿಗೇ ಒಂದು ದೊಡ್ಡ ಆಕಳಿಕೆ. "ಆಗ್ಲಿ ಸಾರ್. ನಾನು ಅವರನ್ನ ಒಪ್ಪಿಸ್ತೀನಿ."

ಸಂಜೆ ಹೆಂಡತಿ ಬಂದು ಕುಸಿದರು. ಏನನ್ನೂ ಕೇಳಲಿಲ್ಲ. ಗಗನಯ್ಯನವರೇ ಹೇಳಿದರು: "ಅಕ್ಕ ಮಲಗಿದ್ಲು ಕಣೇ."

ಹೆಂಡತಿ ಒಂದು ಕಣ್ಣು ತೆರೆದರು. "ಯಾರೂ ಎಬ್ಬಿಸಲ್ಲ ತಾನೇ?"

"ಯಾರೂ ಎಬ್ಬಿಸಲ್ಲ."

ಬೆಳಿಗ್ಗೆ ಮತ್ತೆ ಆಸ್ಪತ್ರೆಯ ಬಸ್ಸು ಹಿಡಿಯುವುದಿತ್ತು. ಆದರೂ ಅವರು ಅಂದು ಚಪ್ಪಲಿ ಬಿಟ್ಟು, ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡರು.