ಒಂದು ಪಿನ್ನು ಕಮ್ಮಿ

ಹಳೇ ಕಂಪ್ಯೂಟರ್ ಬಿಡಿಭಾಗಗಳ ಓಣಿಯಲ್ಲಿ ಎಲ್ಲರೂ ಅವಳನ್ನು ಪಿನ್ನಕ್ಕ ಎನ್ನುತ್ತಿದ್ದರು. ಮಾತು ಚುಚ್ಚುತ್ತದೆಂದು ಬಂದ ಹೆಸರು ಎಂಬುದು ಪಕ್ಕದಂಗಡಿಯವರ ವಾದ. ಪ್ರೊಸೆಸರಿನ ಪಿನ್ನು ನೋಡಿ ಜಾತಕ ಹೇಳುವುದರಿಂದ ಬಂದದ್ದು ಎಂಬುದು ಅವಳ ವಾದ. ಎರಡೂ ಸುಳ್ಳಲ್ಲ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು, ಬಿಸ್ಕತ್ತಿನಷ್ಟಗಲದ ಚೌಕ, ಅಡಿಯಲ್ಲಿ ಸಣ್ಣ ಪಿನ್ನುಗಳ ಸಾಲು. ಅದು ಕೂರುವ ಪೀಠವೇ ಸಾಕೆಟ್. ಪೀಠಗಳಲ್ಲಿ ಒಳಪಂಗಡ ಹತ್ತಾರು, ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕೂರುವುದಿಲ್ಲ. ತೀರಾ ತಲೆ ತಿನ್ನುವವರು ೯೩೯ ಮತ್ತು ಎಎಂ-ಟು ಎಂಬ ದಾಯಾದಿಗಳು. ೯೩೯ಕ್ಕಿಂತ ಎಎಂ-ಟುಗೆ ಒಂದೇ ಪಿನ್ನು ಹೆಚ್ಚು, ಸಾಲಿನ ನಡುವೆ ಖಾಲಿ ಬಿಟ್ಟ ಜಾಗಗಳೂ ಕೊಂಚ ಆಚೀಚೆ. ತಲೆಯ ಮೇಲಿನ ಅಕ್ಷರ ಅಳಿಸಿದ್ದರೂ ಪಿನ್ನಕ್ಕ ಭೂತಗನ್ನಡಿ ಹಿಡಿದು, ಬೆರಳ ತುದಿಯಲ್ಲಿ ಸವರಿ, ಯಾರ ಮನೆಯ ಕೂಸೆಂದು ಹೇಳಿಬಿಡುತ್ತಿದ್ದಳು.

ಅಂಥವಳು ಎಡವಿದ್ದು ನಾದಿನಿಯ ಪ್ರೊಸೆಸರಿನಲ್ಲಿ.

ನಾದಿನಿಗೆ ಕಸೂತಿ ಯಂತ್ರವಿತ್ತು. ಅದಕ್ಕೆ ಅಪ್ಪಣೆ ಕೊಡುವುದು ಒಂದು ಮುದಿ ಕಂಪ್ಯೂಟರ್. ಹೊಸ ಕಂಪ್ಯೂಟರಿನ ಮಾತು ಆ ಯಂತ್ರದ ಕಿವಿಗೆ ಬೀಳುತ್ತಿರಲಿಲ್ಲ. ಆಸ್ಪತ್ರೆಯೊಂದರ ಬಿಳಿ ಕೋಟುಗಳಿಗೆಲ್ಲ ಹೆಸರು ಹೊಲಿಯುವ ಕೆಲಸ ಬಂದಿತ್ತು. ಸೋಮವಾರದೊಳಗೆ ಕೊಡದಿದ್ದರೆ ಅದು ದೊಡ್ಡ ಅಂಗಡಿಯ ಪಾಲು. ಇಂಥ ಹೊತ್ತಲ್ಲಿ ಕಂಪ್ಯೂಟರ್ ಕಣ್ಣು ಮುಚ್ಚಿತು.

ಅತ್ತಿಗೆ-ನಾದಿನಿಗೆ ಮಾತು ಬಿಟ್ಟು ಹೋಗಿತ್ತು. ಕಸೂತಿ ಕೋಣೆ ಶುರುವಾದ ದಿನ ಬಂದ ನೆಂಟರೆದುರು ನಾದಿನಿ, ನಮ್ಮತ್ತಿಗೆಯದ್ದು ಗುಜರಿ ವ್ಯಾಪಾರ ಎಂದಿದ್ದಳು. ಆವತ್ತಿನಿಂದ ಪಿನ್ನಕ್ಕ ಆ ಹೊಸ್ತಿಲು ತುಳಿದಿರಲಿಲ್ಲ. ಈಗ ನಾದಿನಿಯೇ ಅಂಗಡಿಗೆ ಬಂದು, ಕರವಸ್ತ್ರದಲ್ಲಿ ಸುತ್ತಿದ ಪ್ರೊಸೆಸರನ್ನು ಮೇಜಿನ ಮೇಲಿಟ್ಟು, ತಾನಾಗೇ ಸತ್ತುಹೋಯಿತು ಎಂದಳು. ಅದರ ತಲೆಯ ಮೇಲೆ ಒಣಗಿದ್ದ ಅಂಟನ್ನು ಬ್ಲೇಡಿನಿಂದ ಕೆರೆದದ್ದರಿಂದ ಅಕ್ಷರ ಒಂದೂ ಉಳಿದಿರಲಿಲ್ಲ.

ಇವಳು ಬೇಗ ತೊಲಗಿದರೆ ಸಾಕೆಂದು ಪಿನ್ನಕ್ಕ ಭೂತಗನ್ನಡಿಯನ್ನೂ ಮುಟ್ಟಲಿಲ್ಲ, ಬೆರಳನ್ನೂ ಆಡಿಸಲಿಲ್ಲ. ಸಾಲಿನಲ್ಲಿ ಒಂದು ಖಾಲಿ ಜಾಗ ಕಂಡಿತು. ಒಂದು ಪಿನ್ನು ಕಮ್ಮಿ, ೯೩೯ ಎಂದು ತೀರ್ಪು ಕೊಟ್ಟು, ಡ್ರಾಯರಿನಿಂದ ಅಂಥದ್ದೊಂದನ್ನು ತೆಗೆದುಕೊಟ್ಟಳು. ಸಾಕೆಟ್ ಇರುವ ಬೋರ್ಡು ತೋರಿಸು ಎಂದು ಕೇಳಬೇಕಿತ್ತು. ಕೇಳಿದರೆ ಅವಳ ಮನೆಗೆ ಹೋಗಬೇಕಿತ್ತು.

ಮರುದಿನ ಬೆಳಗ್ಗೆ ನಾದಿನಿ ಮತ್ತೆ ಬಂದಳು. ಮುಖ ಬಾಡಿತ್ತು.

"ಅತ್ತಿಗೆ, ಅದು ಕೂರ್ತಿಲ್ಲ. ಒಂದು ಕಡೆ ಎದ್ದೇ ಇರುತ್ತೆ."

"ಒತ್ತಿದ್ಯಾ?"

"ಒಂಚೂರು."

"ಒಂಚೂರು ಅಂದ್ರೆ ಬೆರಳಲ್ಲೋ, ಮೊಣಕೈಯಲ್ಲೋ?"

ನಾದಿನಿ ಮೊಣಕೈಯನ್ನು ಹಿಂದಕ್ಕೆಳೆದುಕೊಂಡಳು. ಕಣ್ಣು ತುಂಬಿಕೊಂಡಿತು. ಪಿನ್ನಕ್ಕ ಭೂತಗನ್ನಡಿಯನ್ನೂ ಡ್ರಾಯರಿನಲ್ಲಿದ್ದ ಒಂದೇ ಒಂದು ಎಎಂ-ಟುವನ್ನೂ ಚೀಲಕ್ಕೆ ಹಾಕಿ, ಅಂಗಡಿ ನೋಡಿಕೊಳ್ಳಲು ಗಂಡನನ್ನು ಕೂರಿಸಿ ಹೊರಟಳು. ತಂಗಿಯ ಮನೆಗೆ ಹೆಂಡತಿ ಹೊರಟದ್ದನ್ನು ನೋಡಿ ಅವನು ತುಟಿ ಪಿಟಕ್ಕೆನ್ನಲಿಲ್ಲ. ಬಹಳ ವರ್ಷದ ಸಂಸಾರದ ಅನುಭವ.

ಕೋಣೆಯಲ್ಲಿ ಹೆಸರಿಲ್ಲದ ಬಿಳಿ ಕೋಟುಗಳು ಗುಡ್ಡೆ ಬಿದ್ದಿದ್ದವು. ಪಿನ್ನಕ್ಕ ಕಂಪ್ಯೂಟರಿನ ಹೊಟ್ಟೆಯ ಮೇಲೆ ಬಗ್ಗಿದಳು. ಸಾಕೆಟ್ಟಿನ ಪ್ಲಾಸ್ಟಿಕ್ ಅಂಚಿನಲ್ಲಿ ಅಚ್ಚಿನಲ್ಲೇ ಮೂಡಿತ್ತು: ಎಎಂ-ಟು. ಅದರ ಒಂದು ತೂತಿನೊಳಗೆ ಏನೋ ಮಿನುಗಿತು. ಹಳೆಯ ಪ್ರೊಸೆಸರನ್ನು ತರಿಸಿ ಭೂತಗನ್ನಡಿ ಹಿಡಿದಳು. ಖಾಲಿ ಎಂದುಕೊಂಡಿದ್ದ ಜಾಗದಲ್ಲಿ ಚಿನ್ನದ ಚುಕ್ಕೆ ಉಳಿದಿತ್ತು. ಹುಟ್ಟಾ ಇಲ್ಲದ ಪಿನ್ನಲ್ಲ, ಮುರಿದ ಪಿನ್ನು.

"ಫ್ಯಾನು ಕೀಳುವಾಗ ಇದೂ ಅಂಟಿಕೊಂಡು ಬಂತು ಅಲ್ವಾ?"

"ತುಂಬ ಬಿಸಿ ಆಗ್ತಿತ್ತು. ಧೂಳು ತೆಗೆಯೋಣ ಅಂತ ಎಳೆದೆ." ನಾದಿನಿಯ ದನಿ ಇಳಿದಿತ್ತು. "ಹೇಳಿದ್ರೆ ನೀವು ಓಣಿಗೆಲ್ಲ ಹೇಳ್ತೀರಿ ಅಂದ್ಕೊಂಡೆ."

ಹೇಳುತ್ತಿದ್ದಳು. ಅದರಲ್ಲಿ ಪಿನ್ನಕ್ಕನಿಗೂ ಅನುಮಾನವಿರಲಿಲ್ಲ. ಬಿಸಿ ಇಳಿಸಲು ಪ್ರೊಸೆಸರಿಗೂ ಫ್ಯಾನಿಗೂ ನಡುವೆ ಹಚ್ಚಿದ ಪೇಸ್ಟು ಒಣಗಿ ಗೋಂದಿನಂತೆ ಹಿಡಿದಿರುತ್ತದೆ. ಕಂಪ್ಯೂಟರನ್ನು ಕೊಂಚ ಹೊತ್ತು ಓಡಿಸಿ, ಬೆಚ್ಚಗಾದ ಮೇಲೆ ಆರಿಸಿ, ಫ್ಯಾನನ್ನು ತಿರುಚಿ ಬಿಡಿಸಬೇಕು. ಹೀಗೆ ಎಳೆದು ಕೆಡಿಸಿದವರನ್ನು ಅವಳು ಎಷ್ಟು ಸಲ ಆಡಿಕೊಂಡಿದ್ದಳೋ. ಈ ಸಲ ಆಡಿಕೊಳ್ಳಲು ಬಾಯಿ ಬರಲಿಲ್ಲ.

"ನೀನು ಮುರಿದೆ ಸರಿ. ಮುರಿದದ್ದು ಕಾಣದಷ್ಟು ಕುರುಡಿ ನಾನ್ಯಾಕಾದೆ? ನಿನ್ನ ಮುಖ ನೋಡಬಾರದು ಅಂತ ಪಿನ್ನೂ ನೋಡಲಿಲ್ಲ ಕಣೇ."

ಸಾಕೆಟ್ಟಿನ ಪಕ್ಕದ ಸನ್ನೆಕಡ್ಡಿ ಎತ್ತಿ ಮುರಿದ ತುಣುಕನ್ನು ಎಬ್ಬಿಸಲು ಹೋದಳು. ಅದು ಉಗುರಿಗೆ ಸಿಗಲಿಲ್ಲ. ನಾದಿನಿ ಅತಿ ಸಣ್ಣ ಸೂಜಿ ತಂದು ಬಗ್ಗಿದಳು. ಬಟ್ಟೆಯಿಂದ ತಪ್ಪು ಹೊಲಿಗೆ ಬಿಚ್ಚುವ ಕೈ ಅದು. ತುಣುಕು ಸೂಜಿಯ ಹಿಂದೆಯೇ ಮೇಲೆ ಬಂತು. ಪಿನ್ನಕ್ಕ ಎಎಂ-ಟುವನ್ನು ಪೀಠದ ಮೇಲಿಟ್ಟಳು, ಒತ್ತದೆಯೇ ಕೂತಿತು. ಸನ್ನೆಕಡ್ಡಿ ಇಳಿಸಿ, ಹೊಸ ಪೇಸ್ಟು ಹಚ್ಚಿ, ಫ್ಯಾನು ಬಿಗಿದಳು.

ಕಂಪ್ಯೂಟರ್ ಬೀಪ್ ಎಂದಿತು. ಸ್ವಲ್ಪ ಹೊತ್ತಿಗೆ ಯಂತ್ರ ಮೊದಲ ಕೋಟಿನ ಎದೆಯ ಮೇಲೆ ನೀಲಿ ದಾರ ಓಡಿಸತೊಡಗಿತು.

ಪಿನ್ನಕ್ಕ ಚೀಲ ಎತ್ತಿಕೊಂಡಳು. ನಾದಿನಿ ಕೋಟಿನಿಂದ ಕಣ್ಣೆತ್ತದೆ, ಕಾಲಿನಿಂದಲೇ ಒಂದು ಸ್ಟೂಲನ್ನು ಅವಳತ್ತ ನೂಕಿದಳು.

"ಕೂತ್ಕೊಳ್ಳಿ ಅತ್ತಿಗೆ. ಇದು ಮಧ್ಯದಲ್ಲಿ ನಿಂತ್ರೆ ಯಾರನ್ನ ಬೈಲಿ?"

ಪಿನ್ನಕ್ಕ ಕೂತಳು. ಕೂತವಳು ಸುಮ್ಮನಿರಲಾರದೆ, ಹೊಲಿದು ಮುಗಿದ ಕೋಟಿನ ದಾರದ ತುದಿಗಳನ್ನು ಕತ್ತರಿಸತೊಡಗಿದಳು.