ಮೀನಿಗೆ ಫಿಲ್ಟರ್ ನೀರು

ಗಂಡ ಮುಂಬೈಯ ಹೋಟೆಲು ಕೆಲಸ ಬಿಟ್ಟು ತಲ್ಲೂರಿನ ಮನೆಗೆ ಬಂದು ನಿಂತಾಗ, ಇನ್ನು ಇವರು ನನಗೊಬ್ಬಳಿಗೇ ಎಂದುಕೊಂಡಿದ್ದೆ. ಮದುವೆಯಾದಾಗಿನಿಂದ ನಮ್ಮ ಸಂಸಾರ ಹೆಚ್ಚಾಗಿ ಫೋನಿನಲ್ಲೇ ನಡೆದಿತ್ತು. ರಜೆಗೆ ಬಂದರೂ ಬ್ಯಾಗು ಬಿಚ್ಚಿದ್ದೊಂದೇ ನೆನಪು, ಆಗಲೇ ಹೊರಟುಬಿಡುತ್ತಿದ್ದರು. ಮಗಳೂ ಗಂಡನ ಮನೆ ಸೇರಿದ್ದಳು. ಮನೆಯಲ್ಲಿ ನಾವಿಬ್ಬರೇ ಎನ್ನುವಾಗ ಇವರು ಬ್ರಹ್ಮಾವರದಿಂದ ಒಂದು ಗಾಜಿನ ತೊಟ್ಟಿಯನ್ನೂ ಒಂದಿಷ್ಟು ಗೋಲ್ಡ್ ಫಿಶ್‌ಗಳನ್ನೂ ತಂದು ಚಾವಡಿಯಲ್ಲಿಟ್ಟರು.

ಆಮೇಲೆ ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ತೊಟ್ಟಿಯ ಮುಂದೆ ಹಾಜರು. "ಎಂತ, ಹಸಿವ್ ಆತ್ತಾ?" ಎಂದು ಅಕ್ಕರೆಯಿಂದ ಕೇಳುತ್ತಿದ್ದರು. ಹಿಂದೆ ನಿಂತಿದ್ದ ನಾನು ನನ್ನನ್ನೇ ಕೇಳಿದರೆಂದು ಒಮ್ಮೆ ಉತ್ತರವನ್ನೂ ಕೊಟ್ಟುಬಿಟ್ಟೆ.

ಬೇಸಿಗೆಯಲ್ಲಿ ತೊಟ್ಟಿಯ ನೀರು ಆರಿ ಕೆಳಗಿಳಿಯತೊಡಗಿತು. ಗಾಜಿನ ಮೇಲೆ ಸುಣ್ಣದಂಥ ಬಿಳಿ ಗೆರೆ ಕೂತಿತು. ಇವರು ಸ್ಕೂಟರಿನಲ್ಲಿ ಕ್ಯಾನು ಇಟ್ಟುಕೊಂಡು ಹೋಗಿ ಫಿಲ್ಟರ್ ನೀರು ತರಲು ಶುರುಮಾಡಿದರು.

"ಹ್ವಾಯ್, ಬಾವಿ ತುಂಬ ನೀರ್ ಇತ್ತಲೆ. ಮೀನಿಗ್ ಎಂತಕೆ ಫಿಲ್ಟರ್ ನೀರ್?" ಎಂದೆ.

"ಆರಿ ಹೋಪುದ್ ನೀರ್ ಮಾತ್ರ. ಅದ್ರೊಳ್ಗಿನ ಉಪ್ಪ್, ಸುಣ್ಣ ಎಲ್ಲ ತೊಟ್ಟಿಯೊಳ್ಗೇ ಉಳೀತ್ತ್. ಮತ್ತೆ ಬಾವಿ ನೀರೇ ಹೊಯ್ದ್ರೆ ಅದ್ ಹೆಚ್ಚಾತಾ ಹೋತ್ತ್."

"ಹಂಗಾರೆ ಪೂರ್ತಿ ಅದೇ ನೀರ್ ಹಾಕಿ."

"ಆಪುದಿಲ್ಲೆ. ಅದ್ರೊಳ್ಗೆ ಮೀನಿಗ್ ಬೇಕಾದ್ ಸತ್ವ ಇಲ್ಲೆ. ಆರಿದಷ್ಟ್ ತುಂಬ್ಸುಕೆ ಮಾತ್ರ ಅದ್."

ಎಷ್ಟು ಕಾಳಜಿ! ಅದೇ ಬಾವಿಯ ನೀರು ಕುಡಿದು, ಅದರಲ್ಲೇ ತಲೆ ಮಿಂದು ನನ್ನ ಕೂದಲು ಬೆಳ್ಳಗಾಗಿತ್ತು. ನನ್ನೊಳಗೆ ಎಷ್ಟು ಸುಣ್ಣ ಉಳಿದಿದೆಯೆಂದು ಯಾರೂ ಕೇಳಿರಲಿಲ್ಲ.

ಒಂದು ದಿನ ಇವರು ಕುಂದಾಪುರದ ಪೇಟೆಗೆ ಹೋಗಿದ್ದಾಗ ಕ್ಯಾನಿನ ಮುಚ್ಚಳ ತೆಗೆದೆ. ಆ ನೀರಿನಲ್ಲಿ ಕಾಫಿ ಮಾಡಿದೆ, ಅನ್ನಕ್ಕೆ ಎಸರಿಟ್ಟೆ, ಮಿಕ್ಕಿದ್ದನ್ನು ಅಬ್ಬಲಿಗೆ ಗಿಡಕ್ಕೆ ಹೊಯ್ದೆ. ಕಾಫಿ ನಿಜಕ್ಕೂ ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಇವರು ಬಂದವರೇ ಕ್ಯಾನು ಎತ್ತಿ ನೋಡಿದರು. "ನೀರ್ ಎಲ್ ಹೋಯ್ತ್?"

"ಕುಡ್ದೆ. ನಂಗೂ ಬಾಯಾರಿಕೆ ಆತ್ತ್."

ಖಾಲಿ ಕ್ಯಾನು ಕೆಳಗಿಟ್ಟು ನನ್ನತ್ತ ತಿರುಗಿದರು. "ಮೀನಿನ್ ಮೇಲೆ ಹೊಟ್ಟೆಕಿಚ್ಚಾ ನಿಂಗೆ?"

"ಹೌದ್. ನೀವ್ ನನ್ಹತ್ರ ಮಾತಾಡುದ್ಕಿಂತ ಹೆಚ್ಚ್ ಮೀನಿನ್ ಹತ್ರ ಮಾತಾಡ್ತ್ರಿ."

ಬೈಯುತ್ತಾರೆಂದುಕೊಂಡೆ. ಅವರು ಜಗಲಿಯ ಮೇಲೆ ಕೂತರು. ಮುಂಬೈಯಲ್ಲಿ ಹೋಟೆಲಿನ ಮೇಲಿನ ರೂಮಿನಲ್ಲಿ ಯಾರೋ ಬಿಟ್ಟುಹೋದ ಸಣ್ಣ ತೊಟ್ಟಿಯೊಂದಿತ್ತಂತೆ. ಅದರಲ್ಲಿದ್ದದ್ದು ಒಂದೇ ಮೀನು.

"ಕೆಲ್ಸ ಮುಗ್ಸಿ ಬಂದ್ ಅದ್ರ ಹತ್ರ ಮಾತಾಡ್ತಿದ್ದೆ. ಫೋನ್ ಇಪ್ಪುದ್ ಗಲ್ಲಾದ ಹತ್ರ, ಸುತ್ತ ಜನ. ನಿನ್ಹತ್ರ ಎಂತ ಹೇಳುದ್? ಹೆಣ್ ಮಗು ಹುಟ್ಟಿತ್ ಅಂದ್ ಫೋನ್ ಬಂದಾಗ್ಲೂ ಮೇಲೆ ಓಡಿ ಮೊದ್ಲ್ ಅದ್ಕೇ ಹೇಳ್ದೆ."

ಸಮಾಧಾನವಾಗಬೇಕಿತ್ತು. ಆದರೆ ಎಂದೋ ಸತ್ತುಹೋದ, ನಾನು ಕಾಣದ ಆ ಮೀನಿನ ಮೇಲೆ ಹೊಟ್ಟೆಯೊಳಗೆ ಬೆಂಕಿಯೇ ಎದ್ದಿತು. ನೋವು ತಿಂದು ಹೆತ್ತವಳು ನಾನು. ಸುದ್ದಿ ಕೇಳಿದಾಗ ಇವರ ಮುಖ ಹೇಗೆ ಅರಳಿತೆಂದು ನೋಡಿದ್ದು ಆ ಮೀನು.

"ಅದ್ಕೆ ಎಂತ ಹೇಳ್ದ್ರಿ?" ಎಂದೆ.

"ಈಗೆಲ್ಲ ನೆನಪಿಲ್ಲೆ ಮಾರಾಯ್ತಿ."

"ನೆನಪ್ ಮಾಡ್ಕಣಿ," ಎಂದು ಪಕ್ಕದಲ್ಲಿ ಕೂತೆ. ಒಳಗೆ ಅನ್ನ ಉಕ್ಕುತ್ತಿತ್ತು, ಏಳಲಿಲ್ಲ. ನಾಚಿ ನಕ್ಕು, ತಡೆತಡೆದು ಹೇಳಿದರು. ಮಗು ಯಾರ ಹಾಗಿದೆಯೋ, ನಾನು ಊಟ ಮಾಡಿದೆನೋ ಇಲ್ಲವೋ, ಮಾಲೀಕರು ರಜೆ ಕೊಡುತ್ತಾರೋ ಇಲ್ಲವೋ ಎಂದೆಲ್ಲ ಆ ಮೀನನ್ನು ಕೇಳಿದ್ದರಂತೆ.

ಈಗ ಅಡುಗೆಮನೆಯಲ್ಲೇ ಫಿಲ್ಟರ್ ಹಾಕಿಸಿದ್ದಾರೆ. ತೊಟ್ಟಿಯನ್ನು ತುಂಬಿಸುವುದು ಹೆಚ್ಚಾಗಿ ನಾನೇ. ಆದರೂ ಇವರು ಗಾಜಿಗೆ ಮುಖ ತಾಗಿಸಿ ಏನೋ ಪಿಸುಗುಟ್ಟಿದರೆ ನನ್ನ ಸೌಟು ಅಲ್ಲೇ ನಿಲ್ಲುತ್ತದೆ.

"ಹ್ವಾಯ್, ಜೋರ್ ಹೇಳಿ! ಇಲ್ಲಿಗ್ ಕೇಳ್ತಿಲ್ಲೆ."